ಸಿಸ್ಟರ್ ಸುಬ್ಬಲಕ್ಷ್ಮಿ, ಮದ್ರಾಸಿನ ಐಸ್ ಹೌಸ್‌ನ ಹೆಡ್ ಮೇಡಂ: ನಮ್ಮಲ್ಲಿ ಇವರ ಬಗ್ಗೆ ಯಾರಾದರೂ ಓದಿದ್ದೀರಾ?

ಬಳಪ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಹದಿನೇಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಎರಡು ವರ್ಷದಿಂದ ಪ್ರಭಾರ ಮುಖ್ಯಶಿಕ್ಷಕಿ. ಬಿಸಿಯೂಟದ ಲೆಕ್ಕ, ಟಿ.ಸಿ., ಮೀಟಿಂಗು, ಸೋರುವ ಮಾಡು, ಇದರಲ್ಲೇ ದಿನ ಮುಗಿದುಹೋಗುತ್ತದೆ. ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ದಸರಾ ರಜೆ ಮುಗಿದರೂ ಶಾಲೆಗೆ ಬರಲಿಲ್ಲ. ಒಂದು ವಾರ ನೋಡಿ ಮನೆಗೆ ಹೋದೆ. ಅವಳ ಅಮ್ಮ ಬಾಗಿಲಲ್ಲೇ ನಿಂತು ಮಾತಾಡಿದರು, ಒಳಗೆ ಕರೆಯಲಿಲ್ಲ. ಮದುವೆ ಮಾತು ನಡೆದಿದೆ ಅಂತ ಅಲ್ಲೇ ಗೊತ್ತಾಯಿತು. ಮೂರು ಸಲ ಹೋದೆ. ಮೂರನೇ ಸಲ ಚಾಪೆ ಹಾಕಿದರು.

ಆ ದಿನಗಳಲ್ಲೇ ಸಿಸ್ಟರ್ ಸುಬ್ಬಲಕ್ಷ್ಮಿ ಅವರ ಬಗ್ಗೆ ಓದುವುದಕ್ಕೆ ಶುರುಮಾಡಿದ್ದೆ. ಸಾವಿತ್ರಿಬಾಯಿ ಫುಲೆ ನಮಗೆಲ್ಲ ಗೊತ್ತು, ಪ್ರತಿ ಜನವರಿ 3ಕ್ಕೆ ಶಾಲೆಯಲ್ಲಿ ಫೋಟೋಗೆ ಹಾರ ಹಾಕುತ್ತೇವೆ. ಇವರ ಹೆಸರು ಮಾತ್ರ ನಮ್ಮ ಟೀಚರ್ಸ್ ರೂಮಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಚೆನ್ನೈ ನಮಗೆ ಎಷ್ಟು ಹತ್ತಿರ ಅಲ್ವಾ?

ಹುಟ್ಟಿದ್ದು 1886ರ ಆಗಸ್ಟ್ 18, ಮೈಲಾಪುರದಲ್ಲಿ. ತಂಜಾವೂರು ಕಡೆಯ ಸಂಪ್ರದಾಯಸ್ಥ ಬ್ರಾಹ್ಮಣ ಮನೆ. ತಂದೆ ಆರ್. ವಿ. ಸುಬ್ರಮಣ್ಯ ಅಯ್ಯರ್ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್. ತಾಯಿ ವಿಶಾಲಾಕ್ಷಿ. ಮಗು ಒಂಬತ್ತನೇ ವಯಸ್ಸಿಗೆ ನಾಲ್ಕನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಚೆಂಗಲ್‌ಪಟ್ಟು ಜಿಲ್ಲೆಗೇ ಮೊದಲು ಬಂದಿತ್ತು. ಹನ್ನೊಂದನೇ ವಯಸ್ಸಿಗೆ ಮದುವೆ. ಸ್ವಲ್ಪ ದಿನದಲ್ಲೇ ಹುಡುಗ ತೀರಿಕೊಂಡ. ಅವನ ಜೊತೆ ಸಂಸಾರ ಮಾಡುವುದಿರಲಿ, ನಾಲ್ಕು ಮಾತಾದರೂ ಆಡಿದ್ದಳೋ ಇಲ್ಲವೋ, ಅಷ್ಟರಲ್ಲಿ ವಿಧವೆ.

ಮುಂದೆ ಏನಾಗಬೇಕಿತ್ತು ಅಂತ ನಮ್ಮೂರುಗಳಲ್ಲೂ ಎಲ್ಲರಿಗೂ ಗೊತ್ತು. ತಲೆ ಬೋಳಿಸುವುದು, ಒಂದು ಸೀರೆ, ಒಂದು ಹೊತ್ತು ಊಟ, ಅಡುಗೆಮನೆಯ ಮೂಲೆ. ಈ ಮನೆಯವರು ಅದನ್ನು ಮಾಡಲಿಲ್ಲ. ಅಪ್ಪ ಮಗಳನ್ನು ಮನೆಯಲ್ಲೇ ಕೂರಿಸಿಕೊಂಡು ಇಂಗ್ಲಿಷ್ ಕಲಿಸಿದರು. ಚಿಕ್ಕಮ್ಮ ವಾಲಾಂಬಾಳ್, ಅವರೂ ವಿಧವೆ, ಹುಡುಗಿಯ ಬೆನ್ನಿಗೆ ನಿಂತರು. ಆಮೇಲೆ ಕಾನ್ವೆಂಟು, ಆಮೇಲೆ ಪ್ರೆಸಿಡೆನ್ಸಿ ಕಾಲೇಜು. 1911ರಲ್ಲಿ ಬಿ.ಎ., ಅದೂ ಫಸ್ಟ್ ಕ್ಲಾಸಿನಲ್ಲಿ.

ಇಲ್ಲಿಗೆ ನಿಂತಿದ್ದರೂ ದೊಡ್ಡ ಕಥೆಯೇ. ಆದರೆ ನನಗೆ ಹಿಡಿಸಿದ್ದು ಇದರ ಮುಂದಿನದು. ಆಗ ಮದ್ರಾಸ್ ಸರ್ಕಾರಕ್ಕೆ ಒಂದು ತಲೆನೋವು ಇತ್ತು. ಹೆಣ್ಣುಮಕ್ಕಳ ಶಾಲೆ ತೆರೆದರೆ ಗಂಡು ಮೇಷ್ಟ್ರ ಹತ್ತಿರ ಮಕ್ಕಳನ್ನು ಕಳಿಸುವುದಕ್ಕೆ ತಂದೆತಾಯಿ ಒಪ್ಪುತ್ತಿರಲಿಲ್ಲ, ಪಾಠ ಹೇಳುವ ಹೆಂಗಸರು ಸಿಗುತ್ತಿರಲಿಲ್ಲ. ಇನ್ನೊಂದು ಕಡೆ ಮನೆಮನೆಯಲ್ಲೂ ಹತ್ತು ಹನ್ನೆರಡು ವರ್ಷದ ವಿಧವೆಯರು ಬಾಳೇ ಮುಗಿಯಿತು ಅಂತ ಕೂತಿದ್ದರು. ಸುಬ್ಬಲಕ್ಷ್ಮಿ ಈ ಎರಡನ್ನೂ ಒಟ್ಟಿಗೆ ನೋಡಿದರು. ಆ ಹುಡುಗಿಯರನ್ನೇ ಓದಿಸಿ ಟೀಚರ್ ಮಾಡಿದರೆ ಅವರಿಗೆ ಸಂಬಳ, ಊರಿಗೆ ಶಾಲೆ. ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದ ಕ್ರಿಸ್ಟಿನಾ ಲಿಂಚ್ ಜೊತೆಗೆ ನಿಂತರು. ನಾಲ್ಕು ಜನ ವಿಧವೆಯರನ್ನು ಎಗ್ಮೋರಿನ ತಮ್ಮ ಮನೆಯಲ್ಲೇ ಇಟ್ಟುಕೊಂಡು ಶುರುಮಾಡಿದ್ದು. 1912ರಲ್ಲಿ ಶಾರದಾ ಲೇಡೀಸ್ ಯೂನಿಯನ್ ಕಟ್ಟಿದರು. ಆ ವಸತಿ ಮನೆಗೆ ಶಾರದಾ ಇಲ್ಲಮ್ ಅಂತ ಹೆಸರು ಬಂತು.

ಅನ್ನ ಹಾಕಿ ಮೂಲೆಯಲ್ಲಿ ಕೂರಿಸುವ ಆಶ್ರಮ ಅದಾಗಿರಲಿಲ್ಲ. ಮೊದಲ ದಿನದಿಂದಲೂ ಅದು ಶಾಲೆ. ಇವರು ಮೊದಲಿಗೆ ಹೆಡ್ ಮೇಡಂ, ಸಮಾಜ ಸುಧಾರಕಿ ಎಲ್ಲ ಆಮೇಲೆ. ಯಾರಾದರೂ ಜಾಸ್ತಿ ಓದಿದ್ದರೆ ಹೇಳಿ.

ತುಂಗಾತೀರ

ಮೇಡಂ, ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ಅಜ್ಜಿ, ಅಂದರೆ ಅಪ್ಪನ ಸೋದರತ್ತೆ, ಹದಿಮೂರಕ್ಕೆ ವಿಧವೆ. ನಾವೆಲ್ಲ ಮಡಿ ಅಜ್ಜಿ ಅಂತಲೇ ಕರೆಯುತ್ತಿದ್ದೆವು. ಕೆಂಪು ಸೀರೆ, ತಲೆ ಮೇಲೆ ಸೆರಗು. ಸೆರಗು ಜಾರಿದರೆ ಎಷ್ಟು ಬೇಗ ಎಳೆದುಕೊಳ್ಳುತ್ತಿದ್ದರು ಅಂದರೆ ಆ ತಲೆ ಹೇಗಿತ್ತು ಅಂತ ನಾನು ಒಂದು ಸಲವೂ ಸರಿಯಾಗಿ ನೋಡಲಿಲ್ಲ. ಮದುವೆ ಮನೆಗೆ ನೂರು ಜನಕ್ಕೆ ಅವರೇ ಅಡುಗೆ ಮಾಡುವುದು, ಮುಹೂರ್ತದ ಹೊತ್ತಿಗೆ ಹಿತ್ತಲಲ್ಲಿ ಕೂರುವುದು. ನಾನು ಚಿಕ್ಕವನಿದ್ದಾಗ ಯಾಕೆ ಅಂತ ಕೇಳಿದ್ದಕ್ಕೆ "ಒಲೆ ಹತ್ತಿರ ಕೆಲಸ ಇದೆ ಮಗೂ" ಅಂದಿದ್ದರು.

ಅವರು ಲೆಕ್ಕದಲ್ಲಿ ಬಹಳ ಚುರುಕು. ಅಡಿಕೆ ಎಷ್ಟು ಮಣ, ಆಳಿಗೆ ಎಷ್ಟು ಕೊಟ್ಟಿದ್ದು, ಎಲ್ಲ ಬಾಯಲ್ಲೇ. ಆದರೆ ಓದು ಬರಹ ಬರುತ್ತಿರಲಿಲ್ಲ. ಅವರಿಗೂ ಇಂಥ ಒಬ್ಬ ಅಪ್ಪ, ಇಂಥ ಒಂದು ಶಾಲೆ ಸಿಕ್ಕಿದ್ದರೆ ಅಂತ ಅನ್ನಿಸುತ್ತಲೇ ಇದೆ.

ನೇರಮಾತು

ಒಳ್ಳೆಯ ಬರಹ. ಆದರೂ ಒಂದು ಮಾತು ಕೇಳಲೇಬೇಕು. ಶಾರದಾ ಇಲ್ಲಮ್‌ಗೆ ಸೇರಿಸಿಕೊಂಡಿದ್ದು ಬ್ರಾಹ್ಮಣ ವಿಧವೆಯರನ್ನು ಮಾತ್ರ. ಮಡಿ, ಮೈಲಿಗೆ, ವ್ರತ ಎಲ್ಲ ಅಲ್ಲೂ ಇತ್ತು. ಮರುಮದುವೆ ಪರ ಅವರು ದೊಡ್ಡ ದನಿಯಲ್ಲಿ ಮಾತಾಡಲಿಲ್ಲ. ಇದಕ್ಕೆ ಅರವತ್ತು ವರ್ಷಕ್ಕೂ ಮೊದಲೇ, 1848ರಲ್ಲೇ, ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಶಾಲೆ ತೆರೆದಿದ್ದರು. ಮೈಮೇಲೆ ಸಗಣಿ ಎರಚಿಸಿಕೊಂಡು ಎಲ್ಲ ಜಾತಿಯ ಮಕ್ಕಳಿಗೂ ಪಾಠ ಹೇಳಿದರು. ಫಾತಿಮಾ ಶೇಖ್ ಜೊತೆಗಿದ್ದರು. ಧೈರ್ಯ ಅಂದರೆ ಅದು. ಇವರದು ಸಂಪ್ರದಾಯದ ಜೊತೆ ರಾಜಿ ಅಲ್ವಾ? ಕೆಣಕುವುದಕ್ಕೆ ಕೇಳುತ್ತಿಲ್ಲ. ನಮ್ಮ ಮನೆಯ ಹೆಂಗಸರಿಗೆ ಆ ಕಾಲದಲ್ಲಿ ಆ ಬಾಗಿಲು ತೆರೆಯುತ್ತಿರಲಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಬಳಪ

ಕೇಳಿದ್ದು ಸರಿಯಾಗಿಯೇ ಇದೆ. ಸಾವಿತ್ರಿಬಾಯಿ ಜೊತೆ ತೂಕ ಹಾಕಿ ಇವರು ದೊಡ್ಡವರು ಅಂತ ನಾನು ಹೇಳುವುದಿಲ್ಲ. ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಅನ್ನುವುದು ನಿಜ, ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ಆದರೆ ಅವರು ಯಾಕೆ ಹಾಗೆ ಮಾಡಿದರು ಅಂತ ನೋಡಬೇಕು. ಅವರಿಗಿಂತ ಮೊದಲು ಪಂಡಿತಾ ರಮಾಬಾಯಿ ಇದೇ ಕೆಲಸಕ್ಕೆ ಕೈ ಹಾಕಿದ್ದರು. ಅವರು ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ, ಅದು ಎಷ್ಟು ಜನ ಕನ್ನಡಿಗರಿಗೆ ಗೊತ್ತೋ ಏನೋ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಹುಡುಗಿಯರನ್ನು ಕ್ರೈಸ್ತರನ್ನಾಗಿ ಮಾಡುತ್ತಿದ್ದಾರೆ ಅಂತ ಗಲಾಟೆ ಎದ್ದಿತು. ಮನೆಯವರು ಬಂದು ಎಷ್ಟೋ ಹುಡುಗಿಯರನ್ನು ಎಳೆದುಕೊಂಡು ಹೋದರು. ಯಾರದು ಸರಿ ಯಾರದು ತಪ್ಪು ಅನ್ನುವುದು ಒತ್ತಟ್ಟಿಗಿರಲಿ. ಓದು ನಿಂತಿದ್ದು ಆ ಹುಡುಗಿಯರದು.

ಸುಬ್ಬಲಕ್ಷ್ಮಿ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿನ ನನ್‌ಗಳು ಜೀವನವನ್ನೇ ಮಕ್ಕಳಿಗೆ ಕೊಟ್ಟಿದ್ದನ್ನು ಹತ್ತಿರದಿಂದ ನೋಡಿ ಮೆಚ್ಚಿದವರು. "ಸಿಸ್ಟರ್" ಅಂತ ಎಲ್ಲರೂ ಕರೆಯುತ್ತಿದ್ದರೂ ಅವರು ಕೊನೆಯವರೆಗೂ ಹಿಂದೂ ವಿಧವೆಯಾಗಿಯೇ ಇದ್ದರು. ಮನೆಯ ಹಿರಿಯರಿಗೆ "ನಿಮ್ಮ ಮಗಳ ಊಟ, ಮಡಿ, ಪೂಜೆ ಯಾವುದೂ ಕೆಡುವುದಿಲ್ಲ, ಓದುವುದಕ್ಕೆ ಮಾತ್ರ ಬಿಡಿ" ಅಂತ ಹೇಳಬೇಕಿತ್ತು, ಹೇಳಿದ ಹಾಗೆ ನಡೆದುಕೊಳ್ಳಬೇಕಿತ್ತು. ಒಂದು ಸಲ ಮಾತು ತಪ್ಪಿದ್ದರೆ ಹಾಸ್ಟೆಲ್ಲು ಖಾಲಿ ಆಗುತ್ತಿತ್ತು. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಆ ಚಾಪೆ ಮೇಲೆ ಕೂತು ಕಲಿತಿದ್ದನ್ನು ಹೇಳುತ್ತಿದ್ದೇನೆ. ನಾನು ಮೊದಲ ಸಲ ಹೋದಾಗ ಕಾನೂನು ಮಾತಾಡಿದೆ, ಬಾಗಿಲು ಅರ್ಧ ಮುಚ್ಚಿತು. ಮೂರನೇ ಸಲ "ಅವಳಿಗೆ ಬೆಳಗ್ಗೆ ನೀರು ಹಿಡಿಯುವ ಕೆಲಸ ಇದ್ದರೆ ಹತ್ತು ನಿಮಿಷ ತಡವಾಗಿ ಬರಲಿ, ನಾನು ಬೈಯುವುದಿಲ್ಲ" ಅಂದೆ. ಆಗ ಅವರಮ್ಮ ನನ್ನ ಮುಖ ನೋಡಿದರು.

ಮರೀನಾ ಕನ್ನಡಿಗ

ನಾನು ಚೆನ್ನೈನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ, ಟ್ರಿಪ್ಲಿಕೇನಿನಲ್ಲಿ ಮನೆ. ಐಸ್ ಹೌಸ್ ಅಂದ ತಕ್ಷಣ ಬರೆಯದೆ ಇರುವುದಕ್ಕೆ ಆಗಲಿಲ್ಲ.

ಆ ಕಟ್ಟಡದ ಕಥೆಯೇ ಬೇರೆ. ಅಮೆರಿಕದ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಲ್ಲಿನ ಕೆರೆಗಳಲ್ಲಿ ಚಳಿಗಾಲಕ್ಕೆ ಕಟ್ಟುವ ಮಂಜುಗಡ್ಡೆಯನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, ಹಡಗಿನಲ್ಲಿ ಮದ್ರಾಸಿಗೆ ತರಿಸುತ್ತಿದ್ದ. ಅದನ್ನು ಇಡುವುದಕ್ಕೆ 1842ರಲ್ಲಿ ಸಮುದ್ರದ ಎದುರೇ ಕಟ್ಟಿದ ಉಗ್ರಾಣ ಇದು. ಎದುರುಭಾಗ ದುಂಡಗೆ. ಇಲ್ಲೇ ಐಸ್ ಮಾಡುವ ವಿಧಾನ ಬಂದ ಮೇಲೆ ಆ ವ್ಯಾಪಾರ ಬಿದ್ದುಹೋಯಿತು. ಆಮೇಲೆ ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಕೊಂಡುಕೊಂಡರು. ಉಗ್ರಾಣಕ್ಕೆ ಗಾಳಿ ಬೆಳಕು ಎಲ್ಲಿಂದ ಬರಬೇಕು, ಅವರು ಕಿಟಕಿ, ವರಾಂಡ ಮಾಡಿಸಿ ಮನೆ ಮಾಡಿಕೊಂಡರು. 1897ರ ಫೆಬ್ರವರಿಯಲ್ಲಿ ವಿವೇಕಾನಂದರು ಒಂಬತ್ತು ದಿನ ಉಳಿದಿದ್ದು ಇಲ್ಲೇ.

ಸುಬ್ಬಲಕ್ಷ್ಮಿಯವರ ಹುಡುಗಿಯರ ಸಂಖ್ಯೆ ಜಾಸ್ತಿ ಆದಾಗ ಬಾಡಿಗೆಗೆ ಮನೆ ಸಿಗುವುದೇ ಕಷ್ಟ ಆಯಿತಂತೆ. ಬೆಳಗ್ಗೆ ಎದ್ದರೆ ವಿಧವೆಯರ ಮುಖ ನೋಡಬೇಕಲ್ಲ ಅಂತ ಯಾರೂ ಮನೆ ಕೊಡುತ್ತಿರಲಿಲ್ಲ. ಕೊನೆಗೆ 1917ರಲ್ಲಿ ಸರ್ಕಾರ ಈ ಕಟ್ಟಡವನ್ನು ಕೊಂಡು ಅವರಿಗೆ ಕೊಟ್ಟಿತು. ಹತ್ತಿರದಲ್ಲೇ 1914ರಲ್ಲಿ ಶುರುವಾದ ಕ್ವೀನ್ ಮೇರೀಸ್ ಕಾಲೇಜು, ಮದ್ರಾಸಿನ ಮೊದಲ ಹೆಂಗಸರ ಕಾಲೇಜು. ಈ ಕಡೆ ಹಾಸ್ಟೆಲ್ಲು, ಆ ಕಡೆ ಕಾಲೇಜು.

ಈಗ ಅದು ವಿವೇಕಾನಂದರ್ ಇಲ್ಲಮ್. ನಾನು ಬೆಳಗಿನ ವಾಕಿಂಗ್‌ನಲ್ಲಿ ದಿನಾ ಅದರ ಮುಂದೆಯೇ ಹೋಗುತ್ತೇನೆ. ಮೊದಲೆಲ್ಲ ನನಗೆ ವಿವೇಕಾನಂದರು ಮಾತ್ರ ನೆನಪಾಗುತ್ತಿದ್ದರು. ಈಗ ಮೇಲಿನ ಕಿಟಕಿ ನೋಡುತ್ತೇನೆ. ಹಳ್ಳಿಮನೆಯ ಹಿತ್ತಲು ಬಿಟ್ಟು ಬೇರೆ ಜಾಗವನ್ನೇ ನೋಡದ ಹನ್ನೆರಡು ವರ್ಷದ ಹುಡುಗಿ, ಅಲ್ಲಿ ನಿಂತರೆ ಎದುರಿಗೆ ಬರೀ ಸಮುದ್ರ.

ಗಾಂಧಿಬಜಾರ್

ಇಲ್ಲಿ ನಮ್ಮ ಬೆಂಗಳೂರಿನ ಆರ್. ಕಲ್ಯಾಣಮ್ಮ ಅವರ ಹೆಸರು ಬರಲೇಬೇಕು. ಅವರೂ ಬಾಲವಿಧವೆ, ಹೆಚ್ಚುಕಡಿಮೆ ಅದೇ ಕಾಲ. ಶಾರದಾ ಸ್ತ್ರೀ ಸಮಾಜ ಕಟ್ಟಿದರು, ಹೆಂಗಸರಿಗಾಗಿ "ಸರಸ್ವತಿ" ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು. 1938ರಲ್ಲಿ ಮಕ್ಕಳ ಕೂಟ ಶುರುಮಾಡಿದರು. ಚಾಮರಾಜಪೇಟೆಯ ಮಕ್ಕಳ ಕೂಟದ ಮುಂದೆ ಓಡಾಡುವ ಎಷ್ಟೋ ಜನಕ್ಕೆ ಅದನ್ನು ಕಟ್ಟಿದವರು ಯಾರು ಅಂತ ಗೊತ್ತಿಲ್ಲ. ನಂಜನಗೂಡಿನ ತಿರುಮಲಾಂಬ ಅವರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬರೆದು, ಪತ್ರಿಕೆ ಮಾಡಿ ಬದುಕು ಕಟ್ಟಿಕೊಂಡರು.

ಮೈಸೂರಿನಲ್ಲಿ 1894ರಲ್ಲೇ ಬಾಲ್ಯವಿವಾಹ ತಡೆಯುವ ಕಾಯಿದೆ ಬಂದಿತ್ತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು ಅಂತ. ಎಂಟು! ಅದಕ್ಕೂ ಆಗ ವಿರೋಧ ಇತ್ತು. ಅದನ್ನು ಓದಿದಾಗ ಸುಬ್ಬಲಕ್ಷ್ಮಿ ಅಂಥವರು ಯಾಕೆ ಅಷ್ಟು ಹುಷಾರಾಗಿ ಹೆಜ್ಜೆ ಇಟ್ಟರು ಅಂತ ನನಗೆ ಅರ್ಥ ಆಗುತ್ತದೆ.

ನೇರಮಾತು

ರಮಾಬಾಯಿ ಅವರ ವಿಷಯ ಹೇಳಿದ್ದು ಒಳ್ಳೆಯದಾಯಿತು ಮೇಡಂ, ಆ ಕೋನದಿಂದ ನಾನು ನೋಡಿರಲಿಲ್ಲ. ಆದರೂ ನಿಮ್ಮ ಶಾಲೆಯ ಹುಡುಗಿ ವಿಷಯದಲ್ಲಿ ಒಂದು ಮಾತು. ಮೂರು ಸಲ ಹೋಗಿ ಮಾತಾಡುವಷ್ಟರಲ್ಲಿ ಮದುವೆ ಆಗಿಬಿಟ್ಟಿದ್ದರೆ? ಮಕ್ಕಳ ಸಹಾಯವಾಣಿ 1098 ಇರುವುದು ಯಾಕೆ? ಕಾನೂನು ಬಂದಿದ್ದೂ ಯಾರೋ ಜಗಳ ಆಡಿದ್ದಕ್ಕೇ ಅಲ್ವಾ?

ಬಳಪ

ನಿಜ. ಅದಕ್ಕೇ ಎರಡನೇ ಸಲ ಹೋಗುವ ಮೊದಲೇ ನಮ್ಮ ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ.ಗೂ ಅಂಗನವಾಡಿ ಮೇಡಂಗೂ ಹೇಳಿಟ್ಟಿದ್ದೆ. ದಿನ ಗೊತ್ತಾದರೆ ಆ ಕ್ಷಣವೇ 1098ಕ್ಕೆ ಫೋನ್ ಮಾಡುವುದು ಅಂತ ಮಾತಾಗಿತ್ತು. ಮಾತಾಡುವುದು ಬೇರೆ, ಕಣ್ಣು ಮುಚ್ಚಿ ಕೂರುವುದು ಬೇರೆ.

ಸುಬ್ಬಲಕ್ಷ್ಮಿ ಅವರೂ ಅಷ್ಟೇ. ಸರ್ಕಾರಿ ಕೆಲಸದಲ್ಲಿ ಇದ್ದಿದ್ದರಿಂದ ಹೆಂಗಸರ ಹಕ್ಕಿಗಾಗಿ ದುಡಿಯುತ್ತಿದ್ದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಸೇರುವ ಹಾಗಿರಲಿಲ್ಲ. ಆದರೂ ಬಾಲ್ಯವಿವಾಹ ನಿಲ್ಲಿಸಬೇಕು ಅಂತ ಮದುವೆ ವಯಸ್ಸಿನ ವಿಷಯ ವಿಚಾರಿಸಲು ಸರ್ಕಾರ ನೇಮಿಸಿದ್ದ ಜೋಶಿ ಸಮಿತಿ ಮುಂದೆ ಹೋಗಿ ಹೇಳಿಕೆ ಕೊಟ್ಟರು. ಆಮೇಲೆ ಬಂದಿದ್ದೇ 1929ರ ಶಾರದಾ ಕಾಯಿದೆ (ಅದನ್ನು ಮಂಡಿಸಿದ ಹರಬಿಲಾಸ್ ಶಾರದಾ ಅವರ ಹೆಸರು), ಮದುವೆಗೆ ಹುಡುಗಿಗೆ ಕನಿಷ್ಠ 14, ಹುಡುಗನಿಗೆ 18. ಹನ್ನೊಂದಕ್ಕೆ ಮದುವೆಯಾಗಿ ಅದೇ ಹೊತ್ತಿಗೆ ವಿಧವೆಯಾದವರು ಆ ಸಮಿತಿಯ ಮುಂದೆ ಕೂತು ಮಾತಾಡಿದ್ದು, ಯೋಚನೆ ಮಾಡಿ.

ಜಾತಿಯ ಮಾತಿಗೆ ಮತ್ತೆ ಬರುತ್ತೇನೆ, ಅದನ್ನು ಅರ್ಧಕ್ಕೆ ಬಿಟ್ಟಿದ್ದೆ. ಅವರು ಇಲ್ಲಮ್‌ಗೇ ನಿಲ್ಲಲಿಲ್ಲ. 1922ರಲ್ಲಿ ಲೇಡಿ ವಿಲ್ಲಿಂಗ್‌ಡನ್ ಟ್ರೇನಿಂಗ್ ಕಾಲೇಜು ಶುರುವಾಯಿತು, ಜೊತೆಗೆ ಪ್ರಾಕ್ಟೀಸ್ ಸ್ಕೂಲು. ಅದರ ಮೊದಲ ಮುಖ್ಯಸ್ಥೆ ಇವರೇ. ಟ್ರೇನಿಂಗ್ ಪಡೆಯುವ ಹೆಂಗಸರು ಪಾಠ ಮಾಡಿ ಕೈ ಪಳಗಿಸಿಕೊಳ್ಳುವುದಕ್ಕೆ ಪಕ್ಕದಲ್ಲೇ ನಿಜವಾದ ಶಾಲೆ, ನಿಜವಾದ ಮಕ್ಕಳು. ನಮ್ಮ ಬಿ.ಎಡ್.ನಲ್ಲಿ ಪ್ರಾಕ್ಟೀಸ್ ಟೀಚಿಂಗ್‌ಗೆ ಹೋದವರಿಗೆ ಅದರ ಬೆಲೆ ಗೊತ್ತು. ಕಪ್ಪು ಹಲಗೆಯ ಕಡೆ ತಿರುಗಿದರೆ ಬೆನ್ನ ಹಿಂದೆ ಏನಾಗುತ್ತದೆ ಅಂತ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಐಸ್ ಹೌಸ್ ಹತ್ತಿರದ ಕುಪ್ಪಂನಲ್ಲಿ, ಅಂದರೆ ಮೀನುಗಾರರ ಕೇರಿಯಲ್ಲಿ, ಅವರ ಮಕ್ಕಳಿಗೂ ಶಾಲೆ ನಡೆಸಿದರು. ದೊಡ್ಡ ವಯಸ್ಸಿನ ಹೆಂಗಸರಿಗಾಗಿ ಶಾರದಾ ವಿದ್ಯಾಲಯ ಬಂತು, ಮುಂದೆ ಅದನ್ನು ರಾಮಕೃಷ್ಣ ಮಿಷನ್‌ಗೆ ವಹಿಸಿದರು.

ಇಷ್ಟೆಲ್ಲ ಆದ ಮೇಲೂ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ. ಮೊದಲ ಬಾಗಿಲು ತೆರೆದಿದ್ದು ಒಂದೇ ಜಾತಿಗೆ. ಅದು ಹಾಗೇ ಇರಲಿ, ಹಾಗೇ ಹೇಳೋಣ.

ಮರೀನಾ ಕನ್ನಡಿಗ

ನಿವೃತ್ತಿ ಆದ ಮೇಲೂ ಅವರು ಕೂರಲಿಲ್ಲ. 1942ರಲ್ಲಿ ಮೈಲಾಪುರದಲ್ಲಿ ಶ್ರೀವಿದ್ಯಾ ಕಲಾನಿಲಯಂ, ಇದು ಓದು ಅರ್ಧಕ್ಕೆ ಬಿಟ್ಟ ದೊಡ್ಡ ಹೆಂಗಸರಿಗೆ. 1952ರಿಂದ 56ರವರೆಗೆ ಮದ್ರಾಸ್ ವಿಧಾನ ಪರಿಷತ್ತಿನ ಸದಸ್ಯೆ. 1954ರಲ್ಲಿ ತಾಂಬರಂ ಹತ್ತಿರ ಮಾಡಂಬಾಕ್ಕಂ ಹಳ್ಳಿಯಲ್ಲಿ ಹೆಂಗಸರು ಮಕ್ಕಳಿಗಾಗಿ ಒಂದು ಕೇಂದ್ರ. 1956ರಲ್ಲಿ ಮೈಲಾಪುರ ಲೇಡೀಸ್ ಕ್ಲಬ್‌ನಿಂದ ಶುರುಮಾಡಿದ ಶಾಲೆಯೇ ಈಗಿನ ವಿದ್ಯಾ ಮಂದಿರ್, ಚೆನ್ನೈನಲ್ಲಿ ಎಲ್ಲರಿಗೂ ಗೊತ್ತಿರುವ ಶಾಲೆ. ಆಗ ಅವರಿಗೆ ಎಪ್ಪತ್ತು. 1958ರಲ್ಲಿ ಪದ್ಮಶ್ರೀ. ತೀರಿಕೊಂಡಿದ್ದು 1969ರ ಡಿಸೆಂಬರ್ 20ಕ್ಕೆ.

ಬಳಪ ಮೇಡಂ, ಆ ಹುಡುಗಿ ಏನಾದಳು? ಹೇಳಲೇ ಇಲ್ಲ.

ಬಳಪ

ಬರುತ್ತಿದ್ದಾಳೆ. ಹತ್ತನೇ ಕ್ಲಾಸು ಈಗ. ಹತ್ತು ನಿಮಿಷ ತಡವಾಗಿಯೇ ಬರುತ್ತಾಳೆ, ಕೊಡ ಹೊತ್ತು ಒದ್ದೆಯಾದ ಭುಜದಲ್ಲೇ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಗಣಿತ ಸ್ವಲ್ಪ ಕಷ್ಟ, ವಿಜ್ಞಾನ ಪರವಾಗಿಲ್ಲ. ಅವಳ ಅಮ್ಮ ಹೋದ ತಿಂಗಳು ಪೋಷಕರ ಸಭೆಗೆ ಬಂದಿದ್ದರು. ಅವರಿಗೆ ಓದು ಬರುವುದಿಲ್ಲ, ಆದರೂ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ನೇರಮಾತು

ಖುಷಿ ಆಯಿತು ಮೇಡಂ. ಪರೀಕ್ಷೆ ಆದ ಮೇಲೆ ಇಲ್ಲೇ ಬಂದು ಫಲಿತಾಂಶ ಹೇಳಿ. ಗಣಿತಕ್ಕೆ ಬೇಕಾದರೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ನನ್ನ ಹತ್ತಿರ ಇದೆ, ಕಳಿಸುತ್ತೇನೆ.

ತುಂಗಾತೀರ

ನಾನು ಮೇಲೆ ಬರೆದದ್ದರಲ್ಲಿ ಒಂದು ತಪ್ಪಾಗಿದೆ. ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಮಡಿ ಅಜ್ಜಿಗೆ ಓದು ಬರುತ್ತಿರಲಿಲ್ಲ ಅಂದಿದ್ದಕ್ಕೆ ಅಮ್ಮ, "ಯಾರು ನಿಂಗೆ ಹೇಳಿದ್ದು" ಅಂತ ಸಿಟ್ಟು ಮಾಡಿದರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕನ್ನಡ ಶಾಲೆಯ ಅಕ್ಕೋರು ಬಾಡಿಗೆಗೆ ಇದ್ದರಂತೆ. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅಜ್ಜಿ ಹಿತ್ತಲ ಬಾಗಿಲಿನಿಂದ ಅವರ ಮನೆಗೆ ಹೋಗುತ್ತಿದ್ದರಂತೆ. ಅಪ್ಪನ ಹಳೆಯ ಸ್ಲೇಟು ಒಂದಿತ್ತು, ಅದನ್ನು ಸೆರಗಿನ ಒಳಗೆ ಇಟ್ಟುಕೊಂಡು ಹೋಗುವುದು. ಅಮ್ಮ ಆಗಷ್ಟೇ ಮದುವೆಯಾಗಿ ಬಂದಿದ್ದರು. ನೋಡಿದರೂ ಯಾರಿಗೂ ಹೇಳಲಿಲ್ಲವಂತೆ.

ಇವತ್ತು ಬೆಳಗ್ಗೆ ಅಮ್ಮ ಟ್ರಂಕಿನಿಂದ ಮನೆಯ ಹಳೆಯ ಪಾಲುಪಟ್ಟಿ ತೆಗೆಸಿ, ತಮ್ಮನ ಕೈಯಲ್ಲಿ ಫೋಟೋ ಹೊಡೆಸಿ ಕಳಿಸಿದ್ದಾರೆ. ಕೊನೆಯ ಹಾಳೆಯಲ್ಲಿ ಮನೆಯ ಹೆಂಗಸರದು ಸಾಲಾಗಿ ನಾಲ್ಕು ನೀಲಿ ಹೆಬ್ಬೆಟ್ಟು. ಐದನೆಯದು ಅಜ್ಜಿಯದು, ಅಲ್ಲಿ ಮಾತ್ರ ಸಹಿ ಇದೆ. ಅಕ್ಷರ ದೊಡ್ಡ ದೊಡ್ಡದು, ಗೆರೆ ಮೇಲೆ ನಿಂತಿಲ್ಲ. ಹೆಸರಿನ ಕೊನೆಯ "ಮ್ಮ"ದಲ್ಲಿ ಒತ್ತು ಕೆಳಗೆ ಬರುವುದರ ಬದಲು ಪಕ್ಕಕ್ಕೆ ಬಂದಿದೆ.